ಒಂಟಿ ಕಾಲ್ಗಡಗ

೧೨ ಜನವರಿ ೧೯೫೮, ಗಜೇಂದ್ರಗಡ

ಇವತ್ತೂ ಅಡುಗೆಮನೆ ತುಂಬ ಇದ್ದಿಲ ಧೂಳು. ಖಾರ ಅರೆಯುವ ಕಲ್ಲಿನ ಮೇಲೇ ಅರೆದಿದ್ದಾರೆ. ನಮ್ಮವರು ಹೈಸ್ಕೂಲಿನ ಸೈನ್ಸ್ ಮಾಸ್ತರರು, ಅವರಿಗೆ ಯಾರು ಏನು ಹೇಳಬೇಕು. ಇದ್ದಿಲನ್ನು ಬೆಲ್ಲದ ಪಾಕದಲ್ಲಿ ಕಲಸಿ, ಪಟ್ಟಿ ತಟ್ಟಿ, ಕುಂಬಾರರ ಆವಿಗೆಯಲ್ಲಿ ಸುಡಿಸುತ್ತಾರಂತೆ. ಒಂದು ಪಟ್ಟಿಗೆ ಹೈಡ್ರೋಜನ್ ಗ್ಯಾಸು, ಇನ್ನೊಂದಕ್ಕೆ ಗಾಳಿ, ನಡುವೆ ಕಾಸ್ಟಿಕ್ ಸೋಡಾ ನೀರು — ಬೆಂಕಿಯಿಲ್ಲದೆ ಕರೆಂಟು. ಧಾರವಾಡದ ಲೈಬ್ರರಿಯಲ್ಲಿ ಓದಿ ಬಂದದ್ದು. ಅಂದಿನಿಂದ ಊಟ, ನಿದ್ದೆ, ಹೆಂಡತಿ ಎಲ್ಲ ಆಮೇಲೆ.

೧೫ ಜನವರಿ

ಕೇಳಿಯೇ ಬಿಟ್ಟರು. ನನ್ನ ಕಾಲ್ಗಡಗ. ಒಂದೇ ಸಾಕಂತೆ.

"ಗಾಳಿ ಬದಿ ಪಟ್ಟಿಗೆ ಬೆಳ್ಳಿ ಬೇಕು. ಅದು ಖರ್ಚಾಗೂದಿಲ್ಲ, ಬರೇ ಕೆಲಸ ಮಾಡಸತೈತಿ. ಆಮ್ಯಾಲ ಇದ್ದಷ್ಟೂ ತಗದು ಕೊಡ್ತೇನಿ."

"ಏಳನೇ ತಿಂಗಳ ಕುಬುಸಕ್ಕ ನರಗುಂದದಿಂದ ಅವ್ವ ಬರ್ತಾಳ್ರಿ. ಆಕಿ ತನ್ನ ಕಾಲಾಗಿಂದ ಬಿಚ್ಚಿ ಕೊಟ್ಟದ್ದು. ನೋಡೇ ನೋಡ್ತಾಳ."

"ಅಷ್ಟರೊಳಗ ನಿನ್ನ ಕಾಲಾಗ ಇರ್ತೈತಿ."

ಕೊಟ್ಟೆ. ಬಸುರಿ ಕಾಲು, ಬಾತಿದೆ. ಸೋಪು ಹಚ್ಚಿ ಎಳೆಯಬೇಕಾಯಿತು. ತೇಜಾಬಿನಲ್ಲಿ, ಅದೇ ಅವರ ಆಸಿಡ್ಡಿನಲ್ಲಿ, ಹಾಕಿದರು. ಕರಗಿ ನೀರಾಯಿತು. ಆ ನೀರನ್ನೇ ಪಟ್ಟಿಗೆ ಕುಡಿಸಿ ಕಾಸಿದರು.

೨ ಫೆಬ್ರುವರಿ

ಕರೆಂಟು ಅಳೆಯುವ ಮೀಟರಿನ ಮುಳ್ಳು ಅಲ್ಲಾಡಿತು. ಪಕ್ಕದ ಮನೆಯ ಮೈಮುನಬಿಯನ್ನು ಕರೆದು ತೋರಿಸಿದರು. ಅವಳು ಮುಳ್ಳು ನೋಡಲಿಲ್ಲ, ಕಡಗವಿಲ್ಲದ ನನ್ನ ಕಾಲು ನೋಡಿದಳು.

೧೧ ಫೆಬ್ರುವರಿ, ಮಧ್ಯಾಹ್ನ

ಪಟ್ಟಿ ಪುಡಿಪುಡಿ. ಪಟ್ಟಿ ಮುಳುಗಿಸಿದ್ದ ಗಡಿಗೆಯ ತಳದಲ್ಲಿ ಕರಿ ರಾಡಿ. ಇದ್ದಿಲು ಸವೆದು ಉದುರಿತಂತೆ, ಬೆಳ್ಳಿ ಅದರೊಳಗೇ ಇದೆಯಂತೆ. ತೊಳೆದು, ಪರಾತದಲ್ಲಿ ಹರವಿ ಮಾಳಿಗೆಯ ಮೇಲೆ ಇಟ್ಟಿದ್ದಾರೆ. ಬೆಳ್ಳಿಬಂಗಾರದ ಕೆಲಸದ ಪತ್ತಾರ ಕಾಸಿ ತೆಗೆಯುತ್ತಾನಂತೆ. ನಾಳೆ... ನಾಡಿದ್ದು... ಪತ್ತಾರನ ಮನೆ ಪಕ್ಕದ ಓಣಿಯಲ್ಲಿದೆ. ಅಲ್ಲಿಗೆ ಹೋಗಲು ಪುರುಸೊತ್ತಿಲ್ಲ. ಹೊಸ ಪಟ್ಟಿ ತಟ್ಟಲು ಇದೆ.

೪ ಮಾರ್ಚ್

ಪರಾತ ಖಾಲಿ. ಕುಬುಸಕ್ಕೆ ಜನ ಬರುತ್ತಾರೆಂದು ಅತ್ತೆ ಅಡುಗೆಮನೆ ಸಾರಿಸಿದ್ದಾರೆ. ಸೆಗಣಿಗೆ ಇದ್ದಿಲ ಪುಡಿ ಕಲಸಿದರೆ ನೆಲ ಕಪ್ಪಗೆ ಚೆನ್ನಾಗಿ ಕಾಣುತ್ತದೆ. ಎಲ್ಲರೂ ಮಾಡುವುದೇ.

"ಮಾಳಿಗಿ ಮ್ಯಾಲ ಬಿದ್ದಿತ್ತಲ್ಲವಾ, ಭಾಳ ನುಣ್ಣಗಿತ್ತು," ಎಂದರು.

ಅವರಿಗೇನು ಗೊತ್ತು? ಮಗ ಹೇಳಿದ್ದನೇ? ಇವರು ಕೂತು ಉಗುರಿನಿಂದ ನೆಲ ಕೆರೆದರು. ಆಮೇಲೆ ಕೋಟು ಹಾಕಿಕೊಂಡು ಸಾಲೆಗೆ ಹೋದರು.  ಕೆರೆದ ಗೀರು ಹಾಗೇ ಬಿಟ್ಟಿದ್ದೇನೆ, ನೋಡುವವರು ನೋಡಲಿ.

೯ ಮಾರ್ಚ್

ಕುಬುಸ. ಮೈಮುನಬಿ ತನ್ನ ಕಡಗ ಕೊಡುತ್ತೇನೆಂದಳು. ಬೇಡವೆಂದೆ. ಒಂದೇ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಕಾಲು ಚಾಚಿ ಕೂತೆ. ಹಸಿರು ಸೀರೆ, ಬಳೆ, ಆರತಿ. ಇನ್ನೊಂದು ಕಡಗ ಎಲ್ಲಿ ಎಂದು ಅವ್ವ ಕೇಳಿದಳು. ನಾನು ಇವರ ಮುಖ ನೋಡಿದೆ. ಇವರು ಖರೆ ಹೇಳಲಿ, ಅಷ್ಟು ಸಾಕು ನನಗೆ.

"ಬಿಗಿ ಆಗಿತ್ರಿ. ದೊಡ್ಡದು ಮಾಡಾಕ ಪತ್ತಾರಗ ಕೊಟ್ಟೇವಿ," ಎಂದರು ಇವರು.

"ಹಂಗಾದ್ರ ನಡೀರಿ, ನಾನೂ ಬರ್ತೇನಿ. ತಗೊಂಡ ಬರೂಣು." ಅವ್ವ ಸೆರಗು ಹೊದ್ದು ಎದ್ದೇಬಿಟ್ಟಳು.

ಇವರು ಚಪ್ಪಲಿ ಮೆಟ್ಟಿದರು. ಇಲ್ಲದ ಕಡಗ ತರಲು ಹೊರಟರು. ನನ್ನ ಗಂಡ.

ಸಂಜೆ

ಅವ್ವ ಒಬ್ಬಳೇ ಬಂದಳು. ಪತ್ತಾರ ಮುಖ ಮುಖ ನೋಡಿದನಂತೆ. ಇವರು ಓಣಿಯಲ್ಲೇ ನಿಂತು ಎಲ್ಲ ಹೇಳಿದರಂತೆ. ಅವ್ವ ಬೈಯಲಿಲ್ಲ, ನನ್ನ ಸೀರೆಗಳನ್ನು ಟ್ರಂಕಿಗೆ ತುಂಬುತ್ತಿದ್ದಾಳೆ. ರೋಣದ ಮೇಲೆ ನರಗುಂದಕ್ಕೆ ಹೋಗುವ ಬಸ್ಸು ಬೆಳಿಗ್ಗೆ. ಹೆರಿಗೆಗೆ ಮುಂದೆ ಹೋಗಬೇಕಿತ್ತು, ಈಗಲೇ ಹೋಗುತ್ತೇನೆ.

ಇವರು ಬಂದು ಹೊಸ್ತಿಲಲ್ಲಿ ನಿಂತರು. "ಇದ್ದಿಲು ತಾಳಲಿಲ್ಲ ನೋಡು."

"ತಾಳತೈತೋ ಇಲ್ಲೋ ನೋಡದ ಅದರ ಮ್ಯಾಲ ನನ್ನ ಬೆಳ್ಳಿ ಯಾಕ ಹಾಕಿದ್ರಿ?" ಎಂದೆ.

ಇವರು ನನ್ನ ಕಾಲು ನೋಡಿದರು. ಆಮೇಲೆ ಮೆಲ್ಲಗೆ, "ಹೊಸಾ ಪಟ್ಟಿ ಗಟ್ಟಿ ಆಗೇತಿ. ಆ ಇನ್ನೊಂದು ಕಡಗ..."

ಅವ್ವ ಟ್ರಂಕಿನಿಂದ ತಲೆಯೆತ್ತಿದಳು. ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಇನ್ನು ಮೇಲೆ ಇವರಿಗೆ ನಾನು ಒಂದು ಗುಂಜಿ ಬೆಳ್ಳಿಯನ್ನೂ ಕೊಡುವುದಿಲ್ಲ.