ಉಳಿಸಿಕೊಂಡವರ ಪಟ್ಟಿ

ಏಪ್ರಿಲ್ 5, 1910. ಮಂಗಳವಾರ

ಎಂಟು ಮೈಲಿ ನಡಿಗೆ. ಕಾಲುವೆ ದಂಡೆ ಹಿಡಿದು ಹೋಗಿ, ಗುಡ್ಡ ಹತ್ತಿ, ವಾಪಸ್. ಆಮೇಲೆ ಡಂಬೆಲ್ಸ್, ಬಿಸಿನೀರು, ಮೊಣಕಾಲಿಗೆ ಎಣ್ಣೆ. ಫುಟ್‌ಬಾಲ್ ಮುಟ್ಟಲಿಲ್ಲ. ವಾರವಿಡೀ ಮುಟ್ಟಿಸುವುದಿಲ್ಲ. ಹಸಿದವನು ಶನಿವಾರ ಚೆನ್ನಾಗಿ ಉಣ್ಣುತ್ತಾನೆ ಎಂಬುದು ಟ್ರೇನರ್ ಪಿಲ್ಲಿಂಗ್‌ನ ಸಿದ್ಧಾಂತ. ಹಸಿವು ಸತ್ತೂ ಹೋಗಬಹುದು ಎಂದು ಯಾರೂ ಅವನಿಗೆ ಹೇಳಿಲ್ಲ.

ಎಡಿತ್‌ಳ ಕಾಗದ. ತನ್ನ ತಂದೆಯನ್ನು ನೋಡಿಕೊಳ್ಳಲು ಮಗಳನ್ನೂ ಕರೆದುಕೊಂಡು ಎರಡು ವಾರಕ್ಕೆಂದು ದಕ್ಷಿಣಕ್ಕೆ ಹೋದವಳು. ಹದಿನಾಲ್ಕು ತಿಂಗಳಾಯಿತು. ಮುದುಕನಿಗೆ ಎಡಗಡೆ ಪೂರ್ತಿ ಬಿದ್ದುಹೋಗಿದೆ. ಬಂದರಿನ ಹತ್ತಿರದ ಹಗ್ಗದ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಅಲ್ಲಿನ ಕ್ಲಬ್ಬಿನ ಸೆಕ್ರೆಟರಿ ಅಂಗಡಿಗೆ ಬಂದಿದ್ದನಂತೆ. ಅವರಿಗೆ ನನ್ನಂಥ ಲೆಫ್ಟ್ ಹಾಫ್ ಆಟಗಾರ ಬೇಕಾಗಿದ್ದಾನೆ. ಕೊಂಡುಕೊಳ್ಳುವ ಶಕ್ತಿ ಅವರಿಗಿಲ್ಲ. ಇಲ್ಲಿ ನಮ್ಮ ರಾಮ್ಸ್‌ಕ್ಲಫ್ ಕ್ಲಬ್ಬಿನವರು ನನ್ನನ್ನು ಬಿಟ್ಟುಕೊಟ್ಟರೆ ನಾಳೆಯೇ ತೆಗೆದುಕೊಳ್ಳುತ್ತಾರೆ. ‘ಬಿಟ್ಟುಕೊಟ್ಟರೆ’ ಎಂಬುದರ ಕೆಳಗೆ ಎಡಿತ್ ಎರಡು ಗೆರೆ ಎಳೆದಿದ್ದಾಳೆ.

ಕೊನೆಯಲ್ಲಿ ಮಗಳು ವಿನ್ನಿಯ ಒಂದು ಸಾಲು. ಆರು ವರ್ಷ ಅವಳಿಗೆ. ‘ಡಿಯರ್ ಸರ್’ ಎಂದು ಶುರು ಮಾಡಿದ್ದಾಳೆ. ಶಾಲೆಯಲ್ಲಿ ಹಾಗೆ ಕಲಿಸುತ್ತಾರಂತೆ. ನಗು ಬಂತು. ಎರಡನೆಯ ಸಲ ಓದಿದಾಗ ಬರಲಿಲ್ಲ.

ಏಪ್ರಿಲ್ 9. ಶನಿವಾರ

ಸೊನ್ನೆ–ಮೂರು. ಸೋತೆವು. ಮೊಣಕಾಲು ಊದಿದೆ.

ಏಪ್ರಿಲ್ 14. ಗುರುವಾರ

ಕ್ಲಬ್ ಸೆಕ್ರೆಟರಿ ಎಂಟ್ವಿಸಲ್‌ರ ಆಫೀಸಿಗೆ ಹೋದೆ. ಪೊಟೇಟೋ ಪೈ ತಿನ್ನುತ್ತಿದ್ದರು. ತಟ್ಟೆ ಬದಿಗೆ ಸರಿಸಲಿಲ್ಲ.

“ಏನಪ್ಪಾ ಎಲ್ಲಿಸ್ ಕರ್ಷಾ, ಊಟದ ಹೊತ್ತಿಗೆ?”

“ಈ ಸಲ ಉಳಿಸಿಕೊಳ್ಳೋರ ಪಟ್ಟಿಯಲ್ಲಿ ನನ್ನ ಹೆಸರು ಬೇಡ ಸರ್.”

“ಯಾಕೆ, ಇಲ್ಲೇನು ಕಮ್ಮಿಯಾಗಿದೆ ನಿಂಗೆ?”

“ಹೆಂಡತಿ ಮಗು ಸಮುದ್ರದ ಊರಲ್ಲಿದ್ದಾರೆ.”

“ಸಮುದ್ರಾನ ಇಲ್ಲಿಗೆ ತರೋಕಾಗಲ್ಲ, ನಿಜ. ಹೆಂಡತೀನ ತರಬಹುದಲ್ಲ?”

ತಮ್ಮ ಮಾತಿಗೆ ತಾವೇ ನಕ್ಕರು. ಮೀಸೆಯಿಂದ ಹಿಟ್ಟಿನ ಚೂರು ಉದುರಿತು. ಅದು ತಮ್ಮ ಕೈಯಲ್ಲಿಲ್ಲ ಎಂದರು. ಮೇ ಮೂರಕ್ಕೆ ಡೈರೆಕ್ಟರುಗಳು ಕೂರುತ್ತಾರೆ. ಬೇಕಾದವರನ್ನು ಉಳಿಸಿಕೊಳ್ಳುತ್ತಾರೆ.

ಉಳಿಸಿಕೊಳ್ಳುವುದು. ಮುಳುಗುತ್ತಿದ್ದವನನ್ನು ಉಳಿಸಿದ ಹಾಗೆ ಕೇಳಿಸುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಬೇರೆ ಕ್ಲಬ್ಬಿನವರು ಮುಟ್ಟುವಂತಿಲ್ಲ. ಇವರು ಆಡಿಸಲಿ, ಬಿಡಲಿ. ಹೆಸರಿಲ್ಲದವನು ಎಲ್ಲಿಗೆ ಬೇಕಾದರೂ ಹೋಗಬಹುದು. ಮೊದಲಾದರೆ ದಕ್ಷಿಣದ ಲೀಗಿಗೆ ಓಡಿಹೋಗುವ ದಾರಿ ಇತ್ತು. ಈಗ ಒಬ್ಬರ ಪಟ್ಟಿಯವರನ್ನು ಇನ್ನೊಬ್ಬರು ಮುಟ್ಟುವುದಿಲ್ಲವೆಂದು ಎರಡೂ ಲೀಗುಗಳು ಕೈ ಕುಲುಕಿವೆ.

ಏಪ್ರಿಲ್ 19. ಮಂಗಳವಾರ

ಎಡಿತ್ ಹೀಗೆ ಬರೆದಿದ್ದಾಳೆ: “ಬಿಟ್ಟುಕೊಡದಿದ್ದರೂ ಬಾ. ನಿನ್ನ ಕಾಲಿಗೆ ಯಾರೂ ಸರಪಳಿ ಹಾಕಿಲ್ಲ. ಇಲ್ಲಿ ದೋಣಿ ಕಟ್ಟುವವರಿಗೆ ಬಡಗಿ ಬೇಕಂತೆ. ಆಟ ಸಾಕು. ಇನ್ನೊಂದು ಸೀಸನ್ ಕಾಯುವುದು ನನ್ನಿಂದಾಗದು, ಎಲ್ಲಿಸ್.”

ಹತ್ತೊಂಬತ್ತನೆಯ ವಯಸ್ಸಿಗೆ ಆಟಕ್ಕೆಂದು ಉಳಿ ಕೆಳಗಿಟ್ಟದ್ದು. ಈಗ ಮೂವತ್ತೊಂದು. ಕೆಲಸ ಮರೆತಿಲ್ಲ. ಬಾಡಿಗೆಮನೆಯ ಮಿಸೆಸ್ ಡಕ್‌ವರ್ತ್‌ಳ ಬಾಗಿಲು ಸರಿಮಾಡಿಕೊಟ್ಟೆ, ಹೋದ ತಿಂಗಳು. ಚೆನ್ನಾಗಿ ಕೂತಿತು. ಆದರೂ…

ಉತ್ತರ ಬರೆದೆ. ಬಿಟ್ಟುಕೊಟ್ಟರೆ ಬರುತ್ತೇನೆ ಎಂದಷ್ಟೇ.

ಏಪ್ರಿಲ್ 26. ಮಂಗಳವಾರ

ಪಿಲ್ಲಿಂಗ್‌ಗೆ ಎಲ್ಲ ಗೊತ್ತಾಗಿದೆ. ಮೊಣಕಾಲು ತಿಕ್ಕುತ್ತಾ, ಮುಖ ನೋಡದೆ ಹೇಳಿದ:

“ಲೇ ಎಲ್ಲಿಸ್, ಶನಿವಾರ ಮೊದಲ ಹತ್ತು ನಿಮಿಷದಲ್ಲೇ ಬಿದ್ದುಬಿಡು. ಈ ಕಾಲು ನೋಡಿದ್ರೆ ಯಾರೂ ಅನುಮಾನ ಪಡಲ್ಲ.”

“ಬಿದ್ರೆ ಬದಲಿ ಆಟಗಾರ ಇಲ್ಲ, ಉಳಿದೋರು ಹತ್ತೇ ಜನ ಆಡಬೇಕು.”

“ಹತ್ತೇ ಜನ ಆಡ್ಲಿ. ಕುಂಟ ಕುದುರೇನ ಡೈರೆಕ್ಟರು ಸಾಕಲ್ಲ ಕಣಯ್ಯಾ. ಅದರಲ್ಲೂ ನಮ್ಮ ಚೇರ್ಮನ್ನು ಕಟುಕ.”

ಚೇರ್ಮನ್‌ಗೆ ಮಾರ್ಕೆಟ್ಟಿನಲ್ಲಿ ನಿಜವಾಗಿಯೂ ಮಾಂಸದ ಅಂಗಡಿ ಇದೆ. ಇಬ್ಬರೂ ನಕ್ಕೆವು.

ಶನಿವಾರ ಕೊನೆಯ ಆಟ. ಡ್ರಾ ಆದರೂ ಸಾಕು. ಸೋತರೆ ತಳದ ಮೂರು ಕ್ಲಬ್ಬುಗಳಲ್ಲಿ ನಮ್ಮದೂ ಒಂದು. ಮುಂದಿನ ವರ್ಷ ಲೀಗಿನಲ್ಲಿ ಇರಲು ಬಿಡಿ ಎಂದು ಟೋಪಿ ಕೈಯಲ್ಲಿ ಹಿಡಿದು ಬೇರೆ ಕ್ಲಬ್ಬುಗಳ ವೋಟು ಕೇಳಬೇಕು. ಸಿಗದಿದ್ದರೆ ಹನ್ನೊಂದು ಮನೆಯ ಒಲೆ ಆರುತ್ತದೆ.

ಏಪ್ರಿಲ್ 29. ಶುಕ್ರವಾರ

ಬೀಳುವುದಿಲ್ಲ. ಅದು ಕಳ್ಳತನ. ಅರ್ಧ ಹೆಜ್ಜೆ ತಡ ಮಾಡಿದರೆ ಸಾಕು. ವಯಸ್ಸಾಯಿತು ಅನ್ನುತ್ತಾರೆ. ಅರ್ಧ ಹೆಜ್ಜೆಯನ್ನು ಯಾರು ಅಳೆಯುತ್ತಾರೆ?

ಏಪ್ರಿಲ್ 30. ಶನಿವಾರ. ಸಂಜೆ ಏಳು

ಒಂದು–ಒಂದು.

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಮೊದಲರ್ಧ ಅಂದುಕೊಂಡಂತೆಯೇ ಆಯಿತು. ಅರ್ಧ ಹೆಜ್ಜೆ ತಡ. ಎದುರು ತಂಡದ ರೈಟ್ ವಿಂಗ್, ಕೆಂಪು ಕೂದಲಿನ ಚುರುಕು ಆಸಾಮಿ, ಎರಡು ಸಲ ದಾಟಿಹೋದ. ಎರಡನೆಯ ಸಲ ಗೋಲು. ಪ್ರೇಕ್ಷಕರ ಕಡೆಯಿಂದ ಒಬ್ಬ ಕೂಗಿದ: “ಕರ್ಷಾ! ಕುರ್ಚಿ ತಂದುಕೊಡ್ಲೇನೋ?” ನಗು. ಹಿತವಾಗಿತ್ತು ಎಂದೇ ಹೇಳಬೇಕು. ಸಮುದ್ರ ಹತ್ತಿರವಾದ ಹಾಗೆ.

ಎಂಬತ್ತನೆಯ ನಿಮಿಷ ಇರಬೇಕು. ಕೆಂಪು ಕೂದಲಿನವನು ಮತ್ತೆ ಬಂದ. ಚೆಂಡನ್ನು ಒಂದು ಗೇಣು ಹೆಚ್ಚು ಮುಂದೆ ತಳ್ಳಿದ. ಬಿಡಬೇಕು ಎಂದುಕೊಂಡೆ. ಅಂದುಕೊಂಡು ಮುಗಿಯುವುದರೊಳಗೆ ಚೆಂಡು ನನ್ನ ಎಡಗಾಲಲ್ಲಿತ್ತು. ಹೇಗೆ ಬಂತೋ ಗೊತ್ತಿಲ್ಲ. ಆಮೇಲೆ ತಲೆ ಎತ್ತಿದೆ. ಇಡೀ ಮೈದಾನ ಮೇಜಿನ ಮೇಲೆ ಹಾಸಿದ ಬಟ್ಟೆಯಷ್ಟು ಸ್ಪಷ್ಟ. ನಲವತ್ತು ಗಜ ಆಚೆ ನಮ್ಮ ಸೆಂಟರ್ ಫಾರ್ವರ್ಡ್. ಅವನಿಗೇ ಗೊತ್ತಿಲ್ಲ ತಾನು ಒಂಟಿಯಾಗಿದ್ದೇನೆ ಎಂದು. ಅವನ ಕಾಲ ಬುಡಕ್ಕೆ ಚೆಂಡು ಇಟ್ಟೆ. ಗೋಲು.

ಹನ್ನೆರಡು ವರ್ಷದಲ್ಲಿ ಅಂಥದೊಂದು ಪಾಸ್ ಕೊಟ್ಟಿಲ್ಲ.

ಕೊನೆಯ ಹತ್ತು ನಿಮಿಷ ಕೆಂಪು ಕೂದಲಿನವನಿಗೆ ಚೆಂಡೇ ಕಾಣಿಸಲಿಲ್ಲ. ಆಟ ಮುಗಿದಾಗ ಜನ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಪಿಲ್ಲಿಂಗ್ ಕೋಟು ಹೊದಿಸಿದ. “ಮುಠ್ಠಾಳ” ಎಂದ, ಮೆಲ್ಲಗೆ.

ಮೇ 4. ಬುಧವಾರ

ಪಟ್ಟಿ ಗೇಟಿಗೆ ಅಂಟಿಸಿದ್ದಾರೆ. ಹದಿನಾಲ್ಕು ಹೆಸರು. ಮೂರನೆಯದು ನನ್ನದು.

ಮನೆಗೆ ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತು. ಮಿಸೆಸ್ ಡಕ್‌ವರ್ತ್ ಬಾಗಿಲಲ್ಲೇ ನಿಂತಿದ್ದಳು. “ಉಳಿಸ್ಕೊಂಡ್ರಂತಲ್ಲಪ್ಪಾ! ದೇವರು ದೊಡ್ಡವನು. ನಮ್ಮ ಎದುರುಮನೆ ಹುಡುಗನ್ನ ಬಿಟ್ಟುಬಿಟ್ರಂತೆ, ಪಾಪ, ಅವನ ತಾಯಿ ಅಳ್ತಾ ಕೂತಿದ್ದಾಳೆ.” ದನದ ಬೋಟಿಯ ಟ್ರೈಪ್ ಮಾಡಿದ್ದಳು, ಈರುಳ್ಳಿ ಹಾಕಿ. ತಿಂದೆ. ರುಚಿಯಾಗಿಯೇ ಇತ್ತು.

ಇನ್ನೊಂದು ವಿಷಯ. ಮುಂದಿನ ಸೀಸನ್‌ಗೆ ನಾನೇ ಕ್ಯಾಪ್ಟನ್ ಅಂತೆ.

ಮೇ 7. ಶನಿವಾರ

ರಾಜ ತೀರಿಕೊಂಡರು. ಅಂಗಡಿಗಳ ಕಿಟಕಿಗೆ ಕಪ್ಪು ಬಟ್ಟೆ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದಾರೆ. ಇಂಥ ದಿನ ಮುಖ ಸಪ್ಪಗಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ಅನುಕೂಲ.

ಮೇ 10. ಮಂಗಳವಾರ

ಎಡಿತ್‌ಳ ಕಾಗದ. ಚಿಕ್ಕದು.

“ಪೇಪರಿನಲ್ಲಿ ಓದಿದೆ. ಅಷ್ಟು ಚೆನ್ನಾಗಿ ಆಡಿದೆಯಂತೆ. ಇಲ್ಲಿನ ಸೆಕ್ರೆಟರಿ ಬೇರೆಯವನನ್ನು ಗೊತ್ತು ಮಾಡಿದ್ದಾನೆ. ಬಡಗಿಯ ಜಾಗ ಸೋಮವಾರದವರೆಗೆ ನಿನಗಾಗಿ ಇಡುತ್ತಾರೆ. ಭಾನುವಾರ ಸಂಜೆಯ ರೈಲಿಗೆ ವಿನ್ನಿಯನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಬೇಕೋ ಬೇಡವೋ, ಅಷ್ಟು ತಿಳಿಸು. ಸುಮ್ಮನೆ ನಿಲ್ಲಿಸಲಾರೆ ಅವಳನ್ನು.”

ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ 12. ಗುರುವಾರ

ಪೆಟ್ಟಿಗೆ ಇಳಿಸಿದೆ. ಎರಡು ಶರಟು ಇಟ್ಟೆ. ಬೂಟು ಇಡಲೋ ಬೇಡವೋ ತಿಳಿಯದೆ ಕೂತೆ. ಬಡಗಿಗೆ ಅವು ಯಾಕೆ? ಕೊನೆಗೆ ಇಟ್ಟೆ. ಪೆಟ್ಟಿಗೆ ಮುಚ್ಚಲಿಲ್ಲ.

ಮೇ 14. ಶನಿವಾರ

ಹತ್ತು ಗಂಟೆಗೆ ಎಂಟ್ವಿಸಲ್‌ರ ಆಫೀಸು. ‘ನನ್ನಿಂದಾಗದು, ಊರು ಬಿಡುತ್ತೇನೆ’ ಎಂದು ಹೇಳಲೆಂದೇ ಹೋದದ್ದು. ಮುಂದಿನ ಸೀಸನ್ನಿನ ಒಪ್ಪಂದದ ಫಾರಂ ಮೇಜಿನ ಮೇಲಿತ್ತು.

“ಬಲವಂತ ಏನಿಲ್ಲಪ್ಪಾ, ಕ್ಯಾಪ್ಟನ್. ಯೋಚನೆ ಮಾಡಿ ಹಾಕು” ಎಂದು ಹೇಳಿ ಆಚೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಾಗಿಲು ತೆರೆದೇ ಇತ್ತು.

ಕಿಟಕಿಯಾಚೆ ಮೈದಾನ. ಗೋಲಿನ ಮುಂದೆ ಸವೆದ ಜಾಗದಲ್ಲಿ ಹುಲ್ಲಿನ ಬೀಜ ಎರಚುತ್ತಿದ್ದರು. ಸೆಪ್ಟೆಂಬರಿಗೆ ಹೇಗೆ ಎದ್ದಿರುತ್ತದೋ ನೋಡಬೇಕು ಅನ್ನಿಸಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ. ಸಿಗಲಿಲ್ಲ. ಸಹಿ ಹಾಕಿದೆ. ಶಾಯಿ ಒಣಗುವವರೆಗೆ ಊದುತ್ತಾ ಕೂತೆ.

ನಾಳೆಯೊಳಗೆ ತಲುಪಬೇಕಾದರೆ ತಂತಿಯೇ ಗತಿ. ‘ವಿನ್ನಿಯನ್ನು ನಿಲ್ಲಿಸಬೇಡ. ಕಾಗದ ಬರುತ್ತದೆ’ ಎಂದು ಕೊಟ್ಟು ಬಂದೆ. ಈಗ ಕಾಗದ.

‘ಪ್ರೀತಿಯ ಎಡಿತ್, ಅವರು ಉಳಿಸಿಕೊಂಡುಬಿಟ್ಟರು’ ಎಂದು ಬರೆದೆ. ಸುಳ್ಳೇನಲ್ಲ. ಗೇಟಿನಲ್ಲಿ ಅಂಟಿಸಿದ್ದಾರೆ, ಯಾರು ಬೇಕಾದರೂ ಓದಬಹುದು. ಮೂರು ಸಲ ಓದಿಕೊಂಡೆ. ಹರಿದೆ.

ಎರಡನೆಯ ಹಾಳೆ. ‘ಪ್ರೀತಿಯ ಎಡಿತ್, ನಾನು…’ ‘ಉಳಿದುಕೊಂಡೆ’ ಎಂಬ ಒಂದೇ ಪದ ಬಾಕಿ.