ತಳ ಕಟ್ಟಿದವನಿಗೆ

ಪ್ರೀತಿಯ ಡೆಮಿಂಗ್,

ನಿನ್ನೆ ಫೋನಿನಲ್ಲಿ ನಿನ್ನ ಮಾತು ಕೇಳಿ ನಾನು ನೋಡೋಣ ಎಂದು ಫೋನ್ ಇಟ್ಟೆನಲ್ಲ, ಅದನ್ನು ಒಪ್ಪಿಗೆ ಅಂದುಕೊಳ್ಳಬೇಡ. ಎದುರಿಗೆ ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನನ್ನು ಕರೆಸಿಕೊಂಡಾಗ ನಮ್ಮ ಫಾಂಗರೇ ಊರಿನಲ್ಲಿ ದೋಣಿ ಕಟ್ಟುವ ಕೈಗಳೇ ಇರಲಿಲ್ಲ. ನಮ್ಮ ಹುಡುಗರೆಲ್ಲ ಗಣಿ ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ವರ್ಷವಿಡೀ ಜಾಹೀರಾತು ಹಾಕಿದರೂ ಬಂದವನು ಒಬ್ಬನೇ, ಅವನಿಗೂ ದೋಣಿಗೆ ಹಾಕುವ ಫೈಬರಿನ ಧೂಳು ಒಗ್ಗುತ್ತಿರಲಿಲ್ಲ. ಕೊನೆಗೆ ಇವನ ಹೊಣೆ ನನ್ನದು ಎಂದು ಸರ್ಕಾರಕ್ಕೆ ಬರೆದುಕೊಟ್ಟು ಸಮುದ್ರದಾಚೆಯ ನಿಮ್ಮೂರು ಇಲೊಯಿಲೊದಿಂದ ನಿನ್ನನ್ನು ಕರೆಸಿದೆ. ನೀನು ಬಂದಿಳಿದದ್ದು ಜುಲೈನಲ್ಲಿ, ಇಲ್ಲಿಯ ನಡುಚಳಿಗಾಲದಲ್ಲಿ. ನಿಮ್ಮೂರ ಸೆಕೆಯ ಲೆಕ್ಕದಲ್ಲೇ ನೀನು ದೋಣಿಗೆ ಬಳಿಯುವ ರಾಳಕ್ಕೆ ಗಟ್ಟಿಮಾಡುವ ದ್ರವವನ್ನು ಚೂರೇ ಚೂರು ಬೆರೆಸಿದ್ದೆ, ಈ ಚಳಿಗೆ ಅದು ಸಾಲದು. ದಿನಗಳು ಕಳೆದರೂ ದೋಣಿಯ ತಳ ಒಣಗಲಿಲ್ಲ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರೆ ನೀನು ಬೆರಳು ಒತ್ತಿ, "ಹಲಸಿನ ಮೇಣ ಆಗೋಯ್ತು ಮೇಡಂ. ನಿಮ್ಮೂರಿಗೆ ಒಬ್ಬ ಸೂರ್ಯನ್ನೂ ಕರೆಸ್ಕೊಳ್ಳಿ, ಅವನಿಗೂ ವೀಸಾ ಮಾಡ್ಸಿ" ಅಂದಿದ್ದೆ. ನನಗೆ ಕೋಪ ಬರಬೇಕಿತ್ತು, ನಗು ಬಂತು. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ದೋಣಿ ಶೆಡ್ಡಿನಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ಈ ವರ್ಷ ನಮ್ಮ ದೋಣಿ ಯಾರ್ಡಿನ ಜಾಗದ ಗುತ್ತಿಗೆ ಮುಗಿಯಿತು. ಜಾಗದವರಿಗೆ ನೀರಂಚಿನಲ್ಲಿ ಫ್ಲ್ಯಾಟ್ ಬೇಕಂತೆ, ದೋಣಿ ಬೇಡವಂತೆ. ನಿನ್ನ ವೀಸಾ ನನ್ನ ಯಾರ್ಡಿಗೇ ಕಟ್ಟಿಹಾಕಿದ್ದು. ನಾನು ಬಾಗಿಲು ಹಾಕಿದರೆ ನಿನ್ನ ಹೆಂಡತಿ ಲೋರ್ನಾ, ಮಗಳು ಅಮಿಹಾನ್ ಇಲ್ಲಿಗೆ ಬರುವ ಮಾತೂ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕೇ ಆಚೆ ದಡದ ಟ್ರೆವರನ ಯಾರ್ಡಿಗೆ ಹೋದೆ. ನಮ್ಮ ಯಾರ್ಡಿನವರಲ್ಲಿ ಒಬ್ಬರ ಕೆಲಸಗಾರನ ಮೇಲೆ ಇನ್ನೊಬ್ಬರು ಕಣ್ಣು ಹಾಕುವಂತಿಲ್ಲ. ನಿನ್ನನ್ನು ಗುಟ್ಟಾಗಿ ಕರೆದನೆಂದು ಹಿಂದೆ ನಾನೇ ಟ್ರೆವರನ ಜನ್ಮ ಜಾಲಾಡಿದ್ದೆ. ಈಗ ಅವನ ಬಾಗಿಲಲ್ಲೇ ನಿಂತು ಕೇಳಿದೆ: "ಅವತ್ತು ಕದಿಯೋಕೆ ನೋಡಿದ್ಯಲ್ಲ, ಈಗ ಕದ್ಕೊಂಡು ಹೋಗು. ಬೇಗ ಕದಿ." ಅವನು ಛೇಡಿಸುತ್ತಾನೆ ಅಂದುಕೊಂಡಿದ್ದೆ. ಛೇಡಿಸಲಿಲ್ಲ, ಕುರ್ಚಿ ಎಳೆದು ಕೂರಿಸಿ ಟೀ ಮಾಡಿಕೊಟ್ಟ. ನಿನ್ನ ಹೊಣೆ ಹೊರುವ ಅರ್ಜಿಯನ್ನು ಆ ವಾರವೇ ಹಾಕಿದ. ಅದು ಮಂಜೂರಾಗಿ ಲೋರ್ನಾ, ಅಮಿಹಾನ್ ಇಬ್ಬರ ವೀಸಾವೂ ಬಂತು.

ನಿನಗೆ ನೋವಾಯಿತು, ಗೊತ್ತು. "ಹಳೇ ಯಂತ್ರದ ಥರ ನನ್ನ ಕೊಟ್ಬಿಟ್ರಾ ಮೇಡಂ?" ಅಂದೆ ನೀನು. ಇಲ್ಲ ಕಣೋ. ಯಂತ್ರಗಳನ್ನೆಲ್ಲ ಹರಾಜಿಗೆ ಹಾಕಿದೆ, ಒಂದಕ್ಕೂ ಅಳಲಿಲ್ಲ. ನಾನು ಯಾರ ಮುಂದೆಯೂ ಬೇಡಿದವಳಲ್ಲ, ನಿನಗಾಗಿ ಬೇಡಿದೆ.

ಈಗ ಮುಖ್ಯ ಮಾತು. ಶನಿವಾರ ಬೆಳಗಿನ ಉಬ್ಬರಕ್ಕೆ ನಮ್ಮ ಕೊನೆಯ ದೋಣಿ ನೀರಿಗಿಳಿಯುತ್ತದೆ. ತಳ ಕಟ್ಟಿದವನೇ ಒಳಗೆ ಕೂತು ಇಳಿಯಬೇಕು, ನೀರು ಜಿನುಗುತ್ತಿದೆಯೇ ಎಂದು ಕೈಯಾಡಿಸಿ ನೋಡಬೇಕು ಎನ್ನುವುದು ಈ ಯಾರ್ಡಿನ ಪದ್ಧತಿ. ಅದೇ ಬೆಳಿಗ್ಗೆ ಲೋರ್ನಾ, ಅಮಿಹಾನ್ ಇಬ್ಬರೂ ಆಕ್ಲೆಂಡಿನಲ್ಲಿ ವಿಮಾನ ಇಳಿಯುತ್ತಾರೆ. ಅವರನ್ನು ಕರೆತರಲು ಯಾರನ್ನೋ ಕಾರು ಕೊಟ್ಟು ಕಳಿಸುತ್ತೀಯಂತೆ. "ತಳ ನಾನು ಕಟ್ಟಿದ್ದು, ಪದ್ಧತಿ ತಪ್ಪಿಸಲ್ಲ" ಎಂದು ನಿನ್ನೆ ಹಟ ಹಿಡಿದೆ.

ಬೇಡ. ನೀನು ಬಿಟ್ಟು ಬಂದಾಗ ಅಮಿಹಾನ್ ಇನ್ನೂ ನಡೆಯುತ್ತಿರಲಿಲ್ಲ. ಈಗ ಓಡಿ ಬಂದಾಳು, ಇಲ್ಲವೇ ಗುರುತು ಸಿಗದೆ ತಾಯಿಯ ಹಿಂದೆ ಅವಿತುಕೊಂಡಾಳು. ಯಾವುದೇ ಆದರೂ ಅಲ್ಲಿ ನೀನೇ ಇರಬೇಕು. ದೋಣಿಗೆ ಯಾರಾದರೂ ನಡೆಯುತ್ತದೆ. ಅದರೊಳಗೆ ನಾನು ಕೂರುತ್ತೇನೆ. ಮಂಡಿ ನೋಯುತ್ತದೆ, ಬೈದುಕೊಂಡೇ ಇಳಿಯುತ್ತೇನೆ. ನೀನು ಕಟ್ಟಿದ ತಳ, ನನ್ನ ಕಾಲು ಒದ್ದೆಯಾಗುವುದಿಲ್ಲ.

ಹೋಗಿ ಮಗಳನ್ನು ಎತ್ತಿಕೋ. ನಿಮ್ಮ ಮೂವರ ಮೇಲೂ ದೇವರ ಕೈ ಇರಲಿ.

ಇನ್ನು ಮೇಡಂ ಅಲ್ಲದ,
ನಿನ್ನ ಗ್ಲೆನಿಸ್