ಜಾವಾ ಗಾಡಿಗೆ ಪಾವಟಿಗಿ

ಬಸವನ ಬಾಗೇವಾಡಿ
೧೨ ಫೆಬ್ರುವರಿ ೧೯೯೭, ಬುಧವಾರ

ಪ್ರೀತಿಯ ಮಗಳು ರೇಣುಕಾಗೆ,

ಹೇಗಿದ್ದೀ? ಊಟ ಸೇರುತ್ತದೆಯೋ ಇಲ್ಲವೋ? ಏಳನೆಯ ತಿಂಗಳಲ್ಲಿ ಪಾದ ಬಾಯುವುದುಂಟು, ಹೆಬ್ಬೆರಳಿನಿಂದ ಒತ್ತಿ ನೋಡಿಕೊ, ಗುಳಿ ಬಿದ್ದರೆ ಸುಮ್ಮನೆ ಕೂರದೆ ಡಾಕ್ಟರಿಗೆ ತೋರಿಸು. ಕಬ್ಬಿಣದ ಗುಳಿಗೆಯನ್ನು ಕಿಟಕಿಯಿಂದ ಹಿತ್ತಲಿಗೆ ಎಸೆಯಬೇಡ. ನೀನು ನನ್ನ ಹೊಟ್ಟೆಯಲ್ಲಿದ್ದಾಗ ನಾನೂ ಎಸೆಯುತ್ತಿದ್ದೆ, ನಿಮ್ಮಜ್ಜಿ ಅವನ್ನು ಆರಿಸಿ ತಂದು, ತೊಳೆದು, ಎದುರಿಗೆ ನಿಂತು ನುಂಗಿಸುತ್ತಿದ್ದಳು. ಅಳಿಯ ಅಮೋಘಸಿದ್ಧ, ನಿಮ್ಮತ್ತೆ ಹನಮವ್ವನವರು ಆರಾಮ ಇದ್ದಾರೆಯೇ? ಇಲ್ಲಿ ನಾನು ಕ್ಷೇಮ, ನಿಮ್ಮಪ್ಪ ಕ್ಷೇಮ, ನಿಮ್ಮಪ್ಪನ ಜಾವಾ ಗಾಡಿ ನಮ್ಮಿಬ್ಬರಿಗಿಂತ ಕ್ಷೇಮ.

ನಿನ್ನ ಪತ್ರ ಸೋಮವಾರ ಬಂತು. ಇಪ್ಪತ್ತಮೂರನೆಯ ತಾರೀಖು ರವಿವಾರ, ಬೆಳಿಗ್ಗೆ ಒಂಬತ್ತಕ್ಕೆ ಸೀಮಂತದ ಕುಬಸ ಎಂದು ಬರೆದಿದ್ದೀ, ಸಂತೋಷ. ಆದರೆ ಅದರ ಕೆಳಗೆ, "ಅವ್ವಾ, ನಿನ್ನ ಕಾಲು ನೋವಿದ್ದರೆ ಬರಬೇಡ, ಅಪ್ಪ ಒಬ್ಬನ ಬಂದ್ರೂ ನಡೀತೈತಿ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಹೇಗೆ ನಡೆಯುತ್ತದೆಯೇ? ಹಸಿರು ಸೀರೆ, ಹಸಿರು ಬಳೆ, ಕರಚಿಕಾಯಿಯ ಡಬ್ಬಿ ಇವನ್ನು ನಿಮ್ಮಪ್ಪ ತಂದಾನು. ನಿನ್ನ ಉಡಿ ತುಂಬುವವರು ಯಾರು? ಹೆಚ್ಚಿನ ಮಾತೆಂದರೆ, ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕಳಿಸಿಕೊಡಿ ಎಂದು ಕೇಳುವುದು ಹಡೆದವಳೇ, ಅದೂ ಕುಬಸದ ಜಮಖಾನೆಯ ಮೇಲೆ ಕುಳಿತೇ. ಹೋದ ತಿಂಗಳು ದನದ ದವಾಖಾನೆಯಿಂದ ಕುರಿಗಳಿಗೆ ಸೂಜಿ ಹಾಕಲು ನಿಮ್ಮೂರ ಕಡೆ ಬಂದಿದ್ದ ನಿಮ್ಮಪ್ಪನಿಗೆ ಹನಮವ್ವನವರು, "ಜ್ವಾಳದ ರಾಶಿ ಐತ್ರಿ, ಮನ್ಯಾಗ ಒಬ್ರರೆ ಬೇಕು, ಬಾಣಂತನ ಇಲ್ಲೇ ಆಗ್ಲಿ" ಅಂದರಂತೆ. ಇವರು ಹೂಂ ಎಂದು ಚಹಾ ಕುಡಿದು ಬಂದಿದ್ದಾರೆ! ಆ ದಿನ ನಾನು ಬಂದು ಬಾಯಿಬಿಟ್ಟು ಕೇಳದಿದ್ದರೆ ಆಮೇಲೆ ಕೇಳುವ ಹಕ್ಕು ನನಗಿಲ್ಲ. ಆದ್ದರಿಂದ ಬರಲೇಬೇಕು. ಹೇಗೆ ಬರುವುದು? ಬಸ್ಸು ತಾಳಿಕೋಟೆಗೆ ಮುಟ್ಟುವುದೇ ಹನ್ನೊಂದಕ್ಕೆ, ಅಲ್ಲಿಂದ ನಿಮ್ಮೂರಿಗೆ ಮತ್ತೆ ಏಳು ಕಿಲೋಮೀಟರು. ಅವತ್ತು ಲಗ್ನಗಳು ಬೇರೆ, ಬೆಳಿಗ್ಗೆ ಒಂದು ಜೀಪೂ ಖಾಲಿ ಇಲ್ಲ. ಉಳಿದದ್ದು ಜಾವಾ. ಅದರ ಮೇಲೆ ಇನ್ನು ಕೂರುವುದಿಲ್ಲ ಎಂದು ನಾನು ಪಂಚಮಿಯಲ್ಲೇ ಆಣೆ ಮಾಡಿದ್ದೆ.

ಪಂಚಮಿಗೆ ನಿನ್ನನ್ನು ಕರೆಯಲು ಬಂದಾಗ ಆದದ್ದನ್ನು ನೀನೇ ಕಣ್ಣಾರೆ ಕಂಡಿದ್ದೀ. ಬಾಗಿಲ ಮುಂದೆ ಗಾಡಿಯಿಂದ ಇಳಿದವಳು ಜೋಮು ಹಿಡಿದ ಕಾಲು ನಿಲ್ಲದೆ ನೆಟ್ಟಗೆ ರಂಗೋಲಿಯ ಮೇಲೆ ಕುಕ್ಕರಿಸಿದೆ. ನಿಮ್ಮತ್ತೆ, "ಬೀಗತಿ, ನಮಸ್ಕಾರ ಇಷ್ಟು ಬಾಗಿ ಮಾಡಬಾರದ್ರೀ" ಎಂದು ನಗಾಡಿದರು. ನಾನೂ ನಕ್ಕೆ. ಒಳಗೆ ಬಂದು ಬಚ್ಚಲಲ್ಲಿ ಕಾಲು ತೊಳೆಯುವ ನೆವದಲ್ಲಿ ಅತ್ತುಬಿಟ್ಟೆ, ಅದು ನಿನಗೆ ಗೊತ್ತಿಲ್ಲ. ಸೀರೆ ಉಟ್ಟವಳು ಒಂದೇ ಮಗ್ಗುಲಿಗೆ ಕೂರಬೇಕು. ಆ ಮಗ್ಗುಲಿಗೆ ಇರುವುದು ಬೆರಳುದ್ದದ ಒಂದು ಕಬ್ಬಿಣದ ಗೂಟ, ಅದರ ಮೇಲೆ ಒಂದು ಪಾದದ ತುದಿ ಇಟ್ಟರೆ ಇನ್ನೊಂದು ಗಾಳಿಯಲ್ಲಿ. ಕೆಳಗೆ ಕಾದ ಸೈಲೆನ್ಸರ್. ಲಗ್ನವಾದಾಗಿನಿಂದ ಇಪ್ಪತ್ತನಾಲ್ಕು ವರ್ಷ ಹೀಗೇ ಕುಳಿತಿದ್ದೇನೆ. ನಿಮ್ಮಪ್ಪ ಹಾದಿಯಲ್ಲಿ ಹಿಂದಕ್ಕೆ ತಿರುಗಿ "ಕಾಲ ನೋಯಾಕತ್ತಾವೇನು?" ಎಂದು ಕೇಳುತ್ತಿದ್ದರು, ಸುಳ್ಳು ಹೇಳಬಾರದು. ನಾನೇ "ನಡೀತೈತಿ ಬಿಡ್ರಿ" ಅನ್ನುತ್ತಿದ್ದೆ.

ಹೋದ ವಾರ ನಿಮ್ಮಪ್ಪ ವಿಜಾಪುರಕ್ಕೆ ಹೋದವರು ಕಾಗದದಲ್ಲಿ ಸುತ್ತಿದ್ದ ಏನನ್ನೋ ಎದೆಗೆ ಅವಚಿಕೊಂಡು ಬಂದರು. ಬಿಚ್ಚಿದರೆ ಎರಡು ಅಗಲವಾದ ಹೊಸ ಫುಟ್‌ರೆಸ್ಟ್, ಮೇಲೆ ದಪ್ಪ ರಬ್ಬರು. ಸವಾರನಿಗೆ. ಅಂಗಳದಲ್ಲಿ ಗೋಣಿತಟ್ಟು ಹಾಸಿ, ಹಳೆಯವನ್ನು ಬಿಚ್ಚಿ, ಎರಡು ಬೆರಳು ಮುಂದೆ, ಒಂದು ಬೆರಳು ಕೆಳಗೆ ಮಾಡಿ ಕೂರಿಸಿದರು. ಒಂದು ಸುತ್ತು ಹೊಡೆದು ಬಂದು, "ಇಂದ್ರಾ, ಮಣಕಾಲ ನೋವು ಹೆಸರಿಲ್ಲದಂಗ ಹೋತ ನೋಡ! ಗಾದಿ ಮ್ಯಾಲ ಕುಂತಂಗ ಆಗೇತಿ!" ಅಂದರು. ನಾನು ಅಕ್ಕಿ ಆರಿಸುತ್ತಿದ್ದೆ, ಮೊರವನ್ನು ಅಲ್ಲೇ ಕುಕ್ಕಿದೆ. "ನಿಮ್ಮ ಮಣಕಾಲ ಒಂದ ಮಣಕಾಲೇನ್ರಿ? ಇಪ್ಪತ್ನಾಕು ವರ್ಷ ನನ್ನ ಕಾಲು ಗಾಳ್ಯಾಗ ಜೋತಾಡ್ಯಾವ, ಅವು ಕಾಣಲಿಲ್ಲೇನು?" ಎಂದು ಹನುಮಂತನ ಗುಡಿಯವರೆಗೆ ಕೇಳಿಸುವ ಹಾಗೆ ಕೂಗಿದೆ. ಪಾಪ, ಆ ಮನುಷ್ಯ ಸ್ಪ್ಯಾನರ್ ಹಿಡಿದುಕೊಂಡೇ ಹತ್ತಿರ ಬಂದ. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯದೆ, "ನೀನ ನಡೀತೈತಿ ಅಂತಿದ್ದೆಲ್ಲ?" ಅಂದರು. ನನಗೆ ಅಳು ಬಂದದ್ದು ಆ ಮಾತಿಗೆ. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮರುದಿನವೇ ಗಾಡಿಯನ್ನು ನಬಿಲಾಲನ ವೆಲ್ಡಿಂಗ್ ಅಂಗಡಿಯಲ್ಲಿ ನಿಲ್ಲಿಸಿ, "ಏನ ಬೇಕು ಅದನ್ನ ನೀನ ಹೇಳು, ಕಾಲು ನಿಂದು" ಎಂದು ನನಗೆ ಹೇಳಿ ತಾವು ಕೆಲಸಕ್ಕೆ ಹೋದರು. ಪೇಟೆಯಲ್ಲಿ ಹೆಂಗಸರ ಫುಟ್‌ರೆಸ್ಟ್ ಸಿಗುತ್ತದೆ, ಆದರೆ ಜಾವಾಗೆ ಎರಡೂ ಮಗ್ಗುಲಿಗೆ ಸೈಲೆನ್ಸರ್ ಇರುವುದರಿಂದ ಅದು ಕೂರುವುದಿಲ್ಲ, ಕೈಯಿಂದಲೇ ಮಾಡಬೇಕು. ಸಾಲೆ ಬಿಟ್ಟ ಮೇಲೆ ಹೋಗಿ, "ನಬಿಲಾಲ, ನನಗ ಕಾಲಿಡಾಕ ಒಂದು ಪಾವಟಿಗಿ ಮಾಡಿ ಕೊಡಪಾ, ಗಟ್ಟಿ ಇರಲಿ" ಅಂದೆ. ಅವನು ನನ್ನ ಕೈಯಲ್ಲಿ ಎರಡನೆಯ ಇಯತ್ತೆ ಓದಿದವನು, ನಾನು ಹೇಳಿದ್ದನ್ನು ಎರಡು ಸಲ ಬರೆದು ಕಲಿತವನು. ಅವನ ದಿನದ ಕೆಲಸ ಮನೆಗಳಿಗೆ ಗೇಟು, ಕಿಟಕಿ, ಮಾಳಿಗೆ ಏರುವ ಕಬ್ಬಿಣದ ಪಾವಟಿಗೆ. ಶುಕ್ರವಾರ ಸಂಜೆ ನಾವಿಬ್ಬರೂ ಹೋಗಿ ನೋಡುತ್ತೇವೆ, ನಮ್ಮ ಜಾವಾದ ಎಡಮಗ್ಗುಲಿಗೆ ಖರೇಖರೇ ಪಾವಟಿಗೆ! ಗೀರು ಹಾಕಿದ ತಗಡಿನ ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಕಠಡೆ, ಅದಕ್ಕೆ ಹಸಿರು ಬಣ್ಣ. ನಿಮ್ಮಪ್ಪ ಸುತ್ತು ಹಾಕಿ ನೋಡಿ, "ಇನ್ನೆರಡು ಹಚ್ಚಿದ್ರ ಮಾಳಿಗಿ ಮ್ಯಾಲ ಶ್ಯಾವಿಗಿ ಒಣಗಹಾಕಬಹುದು" ಅಂದರು. ನಬಿಲಾಲ ಮಾತ್ರ ನಗಲಿಲ್ಲ. "ಅಕ್ಕೋರು ಪಾವಟಿಗಿ ಅಂದ್ರು, ಪಾವಟಿಗಿ ಮಾಡೇನಿ. ಸಾಲಿ ಅಕ್ಕೋರು ತಪ್ಪು ಹೇಳ್ತಾರೇನ್ರಿ?" ಎಂದು ನನ್ನ ಕಡೆಗೇ ತಿರುಗಿದ.

ಇಳಿಜಾರಿನಲ್ಲಿ ಹಾಗೇ ಉರುಳಿಸಿ ನೋಡಿದಾಗ ಕೆಳಗಿನ ಮೆಟ್ಟಿಲು ಸಾಲೆಯ ಮುಂದಿನ ರಸ್ತೆಯುಬ್ಬಿಗೆ ಬಡಿದು ಕಿಡಿ ಹಾರಿಸಿದ್ದರಿಂದ ಮೊದಲು ಅದನ್ನು ಕತ್ತರಿಸಿದರು. ಕಠಡೆಯನ್ನೂ ತೆಗೆಸಿದೆ, ನಾನೇನು ಮೆರವಣಿಗೆಯಲ್ಲಿ ಹೋಗುವವಳೇ? ಇನ್ನೇನು ಎಲ್ಲಾ ಸರಿಹೋಯಿತು ಎಂದು ನಿಮ್ಮಪ್ಪ ಕಿಕ್ ಹೊಡೆದರೆ ಕಿಕ್ಕು ಹೋಗಿ ಉಳಿದ ಮೆಟ್ಟಿಲಿಗೇ ಬಡಿಯಿತು. ಈ ಗಾಡಿಯ ಕಿಕ್ಕೂ ಎಡಕ್ಕೇ ಎನ್ನುವುದು ಆ ಗಂಡಸರಿಬ್ಬರಿಗೂ ನೆನಪೇ ಇರಲಿಲ್ಲ. ಅವತ್ತು ಅಂಗಡಿಯಿಂದ ಮನೆಯವರೆಗೆ ಓಣಿಯವರೆಲ್ಲ ತಳ್ಳಿದರು, ನಾನು ಹಿಂದೆ ಚೀಲ ಹಿಡಿದುಕೊಂಡು, ಯಾರ ಗಾಡಿಯೋ ಏನೋ ಎನ್ನುವಂತೆ ನಡೆದೆ. ಕಡೆಗೆ ನಬಿಲಾಲ ಕಿಟಕಿಗೆ ಹಾಕುವ ಎರಡು ಬಿಜಾಗರಿ ತಂದು ಮೆಟ್ಟಿಲಿಗೆ ಹಚ್ಚಿದ. ಈಗ ಅದು ಕದದ ಹಾಗೆ ಮಡಚುತ್ತದೆ. ಮಡಚಿ ಕಿಕ್ ಹೊಡೆಯುವುದು, ಬಿಚ್ಚಿ ನಾನು ಹತ್ತುವುದು.

ನಿನ್ನೆ ಹೂವಿನ ಹಿಪ್ಪರಗಿಯವರೆಗೆ ಹೋಗಿ ಬಂದೆವು. ರೇಣುಕಾ, ಎರಡೂ ಪಾದ ಊರಿ ಕೂರುವುದೆಂದರೆ ಏನೆಂದು ನಿನಗೆ ಹೇಗೆ ಹೇಳಲಿ? ಬಿಳಿಜೋಳದ ಹೊಲ, ಸೂರ್ಯಕಾಂತಿ, ಕುರಿಹಿಂಡು ಎಲ್ಲವನ್ನೂ ಈ ಐವತ್ತರ ಹತ್ತಿರದ ವಯಸ್ಸಿನಲ್ಲಿ ಮೊದಲ ಸಲ ನೋಡಿದವಳಂತೆ ನೋಡಿದೆ. ಮೊದಲೆಲ್ಲ ಹಲ್ಲು ಕಚ್ಚಿ ಕೂರುತ್ತಿದ್ದೆನಲ್ಲ, ನಿನ್ನೆ ಬಾಯಿ ಮುಚ್ಚಲೇ ಇಲ್ಲವಂತೆ. "ಪಾವಟಿಗಿ ಹಚ್ಚಿಸಿ ತಪ್ಪು ಮಾಡಿದೆ ನೋಡ, ಮೊದಲ ಹಾದಿ ಸುಮ್ನಿರ್ತಿತ್ತು" ಎಂದು ನಿಮ್ಮಪ್ಪ ಬೆನ್ನು ಕುಣಿಸಿ ನಕ್ಕರು. ಇಳಿದು ಮೂವತ್ತು ಹೆಜ್ಜೆ ನಡೆದೆ, ಜೋಮು ಇಲ್ಲ, ಕುಂಟಲಿಲ್ಲ. ಸಂತೋಷಕ್ಕೆ ಅಲ್ಲೇ ಒಂದು ಪಾವು ಚುರಮುರಿ ಕೊಡಿಸಿದರು. ಆದ್ದರಿಂದ ರವಿವಾರ ಒಂಬತ್ತರೊಳಗೆ ನಾನು ನಿಮ್ಮ ಬಾಗಿಲಲ್ಲಿರುತ್ತೇನೆ. ರಂಗೋಲಿಯನ್ನು ಎಷ್ಟು ದೊಡ್ಡದಾಗಿಯಾದರೂ ಹಾಕಲಿ ಎಂದು ಹನಮವ್ವನವರಿಗೆ ಹೇಳು, ಈ ಸಲ ಅಳಿಸುವುದಿಲ್ಲ.

ಬಾವಿಯಿಂದ ನೀರು ಸೇದಬೇಡ, ಎಡಮಗ್ಗುಲಿಗೆ ಮಲಗು. ಹಿರಿಯರಿಗೆ ನನ್ನ ಶರಣು, ಅಳಿಯನಿಗೆ ಆಶೀರ್ವಾದ. ನಿನ್ನ ಹೊಟ್ಟೆಯೊಳಗಿನ ಆ ಸಣ್ಣ ಸಾಹೇಬರಿಗೋ ಬಾಯಿಸಾಹೇಬರಿಗೋ ಅಜ್ಜಿಯ ನೂರು ಮುತ್ತು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಇಂದ್ರಾಬಾಯಿ

ತಾ.ಕ.: ಟಪಾಲು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ನಿಮ್ಮಪ್ಪ ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನ ಪತ್ರದಲ್ಲಿ ಸಹಿಯ ಮೇಲಿನ ಒಂದು ಸಾಲನ್ನು ಶಾಯಿಯಿಂದ ಗೀಚಿ ಹೊಡೆದುಹಾಕಿದ್ದೀ. ಇಪ್ಪತ್ತಾರು ವರ್ಷ ಮಕ್ಕಳು ಹೊಡೆದುಹಾಕಿದ್ದನ್ನು ಓದುವುದೇ ನನ್ನ ನೌಕರಿ. ಬಿಸಿಲಿಗೆ ಹಿಡಿದು ಓದಿದೆ. "ಅವ್ವಾ ನನಗ ಇಲ್ಲಿ ಹಡಿಯಾಕ ಅಂಜಿಕಿ ಬರ್ತೈತಿ, ಬಂದು ಕರಕೊಂಡು ಹೋಗ" ಎಂದಿದೆ. ಕರೆಯಲೆಂದೇ ಬರುತ್ತಿದ್ದೇನೆ, ತಾಯಿ. ಜೀಪಿನ ಖಾಜಾಸಾಬ ಅವತ್ತು ಬೆಳಿಗ್ಗೆ ಮುದ್ದೇಬಿಹಾಳದಲ್ಲಿ ದಿಬ್ಬಣ ಇಳಿಸಿ ಮೂರು ಗಂಟೆಗೆ ಜೀಪು ತಂದು ನಿಮ್ಮ ಬಾಗಿಲಿಗೆ ನಿಲ್ಲಿಸುತ್ತಾನೆ, ಹಿಂದಿನ ಸೀಟಿಗೆ ಹಾಸಿಗೆ ಹಾಕಲು ಹೇಳಿದ್ದೇನೆ. ಬಟ್ಟೆ ಕಟ್ಟಿಟ್ಟುಕೊ. ಜಮಖಾನೆಯ ಮೇಲೆ ನಾನು ಕೇಳಿದಾಗ ನಿಮ್ಮತ್ತೆ ನಿನ್ನ ಮುಖ ನೋಡುತ್ತಾರೆ. ತಲೆ ತಗ್ಗಿಸಬೇಡ, ಗಟ್ಟಿಯಾಗಿ "ಅವ್ವನ ಕೂಡ ಹೋಗ್ತೇನ್ರಿ" ಅನ್ನು. ನೀನು ಆಡಬೇಕಾದದ್ದು ಅಷ್ಟೇ, ಉಳಿದ ಮಾತು ನಾನಾಡುತ್ತೇನೆ.